ಹವಾಮಾನ ಕಚೇರಿಯ ಹಸಿರು ಪರದೆ ನಮ್ಮ ಅತ್ತೆಯವರ ಮೈಮೇಲಿದೆ

ಹವಾಮಾನ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ಸೋಮವಾರ ನಿಮ್ಮ ಸಂದರ್ಶಕರ ಕೊಠಡಿಯಿಂದ ಕಾಣೆಯಾದ ದಪ್ಪ ಹಸಿರು ಪರದೆಯನ್ನು ಕದ್ದವನು ನಾನೇ. ಸ್ವಸ್ಥ ಮನಸ್ಸಿನಿಂದ, ಅಸ್ವಸ್ಥ ಮೂಗಿನಿಂದ ಅದನ್ನು ಅಂಗಿಯೊಳಗೆ ಸುತ್ತಿಕೊಂಡು, ಅರ್ಧ ಗಂಟೆಯಲ್ಲಿ ಬೊಜ್ಜು ಬಂದವನಂತೆ ನಿಮ್ಮ ಕಾವಲುಗಾರನಿಗೆ ನಮಸ್ಕರಿಸಿ ಹೊರಟೆ. ಕೈ ನನ್ನದು, ತಪ್ಪು ಮಾತ್ರ ನಿಮ್ಮದು.

ಅಚ್ಚುಕೂಟದಲ್ಲಿ ಕರಡು ತಿದ್ದುವುದು ನನ್ನ ಕಸುಬು. ಮೂವತ್ತು ವರ್ಷಗಳಲ್ಲಿ ಒಂದು ಅಲ್ಪವಿರಾಮವೂ ನನ್ನ ಕಣ್ಣು ತಪ್ಪಿಸಿ ಹೋಗಿಲ್ಲ. ನಿಮ್ಮ ವಾರದ ಪ್ರಕಟಣೆಯನ್ನೂ ಹಾಗೆಯೇ ಓದುತ್ತೇನೆ. ಮೂರು ವಾರದ ಹಿಂದೆ ಅದರ ನೆತ್ತಿಯ ಮೇಲೆ ಏನು ಅಚ್ಚು ಹಾಕಿದಿರಿ? "ಧ್ರುವದ ಮೇಲಿನ ವಾಯುಮಂಡಲದಲ್ಲಿ ದಿಢೀರ್ ತಾಪ ಏರಿಕೆ: ಐದೇ ದಿನದಲ್ಲಿ ನಲವತ್ತು ಡಿಗ್ರಿ!" ನಲವತ್ತು ಡಿಗ್ರಿ ಏರಿದ ಮೇಲೆ ಮರ್ಯಾದಸ್ಥರು ರಗ್ಗು ಹೊದೆಯುತ್ತಾರೆಯೇ? ಮನೆಯ ರಗ್ಗು, ಸ್ವೆಟರುಗಳನ್ನೆಲ್ಲ ಗಂಟು ಕಟ್ಟಿ ಲಾಂಡ್ರಿಗೆ ಹಾಕಿದೆ.

"ರೀ, ಅಮ್ಮ ಬಂದಿದ್ದಾರೆ, ಎದೆ ಬೇರೆ ಕಟ್ಟಿದೆ. ಒಂದಾದ್ರೂ ಇಟ್ಕೊಳ್ಳಿ" ಎಂದಳು ಹೆಂಡತಿ.

"ಪ್ರಕಟಣೆ ಓದಿದ್ದೀಯಾ? ನಾನು ಓದಿದ್ದೀನಿ" ಎಂದೆ.

ಆಮೇಲೆ ಬಿತ್ತು ನೋಡಿ ಚಳಿ. ಲಾಂಡ್ರಿಗೆ ಓಡಿದೆ. "ಸಾರ್, ಮೊನ್ನೆ ತಾನೇ ನೆನೆಹಾಕ್ದೆ, ನೀರು ಹೆಪ್ಪುಗಟ್ಟಿ ತೊಟ್ಟೀನೇ ಕಲ್ಲಾಗ್ಬಿಟ್ಟಿದೆ. ನಿಮ್ ರಗ್ಗು ಕಣ್ಣಿಗೆ ಕಾಣ್ಸುತ್ತೆ, ಕೈಗೆ ಸಿಗಲ್ಲ" ಎಂದ ಲಾಂಡ್ರಿಯವನು. ಮನೆಯಲ್ಲಿ ಎಂಬತ್ತರ ಅತ್ತೆಯವರು ಕೆಮ್ಮುತ್ತಲೇ ಕೇಳಿದರು: "ಅಳಿಯಂದ್ರೇ, ಆ ನಲವತ್ತು ಡಿಗ್ರಿ ಇತ್ತಲ್ಲಾ, ಅದ್ರಲ್ಲಿ ನಂಗೊಂದು ನಾಲ್ಕು ಕೊಡಿ."

ನ್ಯಾಯ ಕೇಳಲು ನಿಮ್ಮಲ್ಲಿಗೆ ಬಂದೆ. ನಿಮ್ಮ ಗುಮಾಸ್ತರು ಸಮಾಧಾನವಾಗಿ ಹೇಳಿದರು: "ಬಿಸಿಯಾಗಿದ್ದು ಮೂವತ್ತು ಕಿಲೋಮೀಟರ್ ಮೇಲೆ ಸಾರ್. ಅಲ್ಲಿ ಧ್ರುವದ ಸುತ್ತ ಗಾಳಿ ಬುಗುರಿ ಥರ ತಿರುಗ್ತಾ ಚಳೀನ ಒಳಗೇ ಕೂಡ್ಹಾಕಿರುತ್ತೆ. ಬಿಸಿ ಏರಿದ್ರೆ ಬುಗುರಿ ಸುಸ್ತಾಗಿ ಓಲಾಡುತ್ತೆ. ಎರಡ್ಮೂರು ವಾರಕ್ಕೆ ಚಳಿ ಜಾರಿ ಕೆಳಗೆ ಬರುತ್ತೆ. ಪ್ರತಿ ಸಲ ಅಲ್ಲ, ಈ ಸಲ ನಮ್ ಕಡೆಗೇ ಬಂತು."

ಅಂದರೆ ಮೇಲಿನವರಿಗೆ ಬಿಸಿ ಮುಟ್ಟಿದರೆ ಕೆಳಗಿನವರಿಗೆ ನಡುಕ! ಕಚೇರಿಗಳ ಈ ನಿಯಮವನ್ನು ಆಕಾಶಕ್ಕೂ ಯಾರು ಅನ್ವಯಿಸಿದರು? ಅನ್ವಯಿಸಿದ ಮೇಲೆ ಮುಂಚೆಯೇ ತಿಳಿಸಲು ನಿಮಗೇನು ಧಾಡಿ? ಗುಮಾಸ್ತರು ನಕ್ಷೆ ತರಲು ಒಳಗೆ ಹೋದರು. ಕೊಠಡಿಯಲ್ಲಿ ನಾನು ಮತ್ತು ಪರದೆ ಇಬ್ಬರೇ ಉಳಿದೆವು.

ಮುಂದಿನ ಪ್ರಕಟಣೆಯ ಮೊದಲ ಹಾಳೆಯಲ್ಲೇ, ಅಷ್ಟೇ ದಪ್ಪಕ್ಷರದಲ್ಲಿ, ನೀವು ನಮ್ಮ ಅತ್ತೆಯವರ ಕ್ಷಮೆ ಕೇಳಬೇಕು. ಇದು ನನ್ನ ಬೇಡಿಕೆ.

ಇಷ್ಟು ಬರೆದು ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಲಾಂಡ್ರಿಯವನು ಬಂದ. ತೊಟ್ಟಿಯ ಹೆಪ್ಪು ಕರಗಿ ರಗ್ಗುಗಳು ಕೈಗೆ ಸಿಕ್ಕಿವೆಯಂತೆ, ತಾಳೆ ನೋಡಲು ನಾನು ಕೊಟ್ಟಿದ್ದ ಚೀಟಿಯನ್ನೂ ತಂದಿದ್ದ. "ರಗ್ಗು ನಾಲ್ಕು, ಸ್ವೆಟರ್ ಆರು": ನನ್ನದೇ ದುಂಡಕ್ಷರ. ಹೆಂಡತಿ ಚೀಟಿಯನ್ನು ಮಗುಚಿದಳು. ಅದು ನಿಮ್ಮ ಅದೇ ಪ್ರಕಟಣೆಯ ಎರಡನೆಯ ಹಾಳೆ. "ಇದರ ಪರಿಣಾಮವಾಗಿ ಎರಡು-ಮೂರು ವಾರಗಳಲ್ಲಿ ತೀವ್ರ ಚಳಿಗಾಳಿ ಬೀಸಬಹುದು. ಹೊದಿಕೆಗಳನ್ನು ಕೈಗೆಟುಕುವಂತೆ ಇಟ್ಟುಕೊಳ್ಳಿ" ಎಂದು ಗಟ್ಟಿಯಾಗಿ ಓದಿ, ನನ್ನತ್ತ ನೋಡಿದಳು.

"ಓದಿದ್ದೀನಿ ಅಂದ್ರಲ್ಲಾ?"

ಆದ್ದರಿಂದ ಬೇಡಿಕೆಯನ್ನು ತಿದ್ದಿದ್ದೇನೆ: ಇನ್ನು ಮುಂದೆ ದಯವಿಟ್ಟು ಎರಡನೆಯ ಹಾಳೆಯ ಹಿಂಬದಿಯನ್ನು ಖಾಲಿ ಬಿಡಬೇಡಿ.

ಇಂತಿ,
ನಾಳೆ ಪರದೆಯೊಂದಿಗೆ ತಮ್ಮ ಬಾಗಿಲಿಗೆ ಬರಲಿರುವ,
ಒಬ್ಬ ಕರಡು ತಿದ್ದುವವ