ಹನ್ನೊಂದು ದಿನದ ಮಾತ್ರೆಗಳು

ಮಂಜುಶ್ರೀಯ ಅಪ್ಪನವರಿಗೆ,

ಹಾಸನದ ಆಸ್ಪತ್ರೆಯಲ್ಲಿ ನಿಮ್ಮ ಮಂಚದ ಕಾಲ ಬಳಿಯೇ ಕುಳಿತು ಬರೆಯುತ್ತಿದ್ದೇನೆ. ಒಂದು ಮಾರು ದೂರದಲ್ಲಿರುವ ಗಂಡನಿಗೆ ಕಾಗದ ಬರೆಯುವ ಹೆಂಗಸನ್ನು ನೋಡಿ ಪಕ್ಕದ ಹಾಸಿಗೆಯವರು ನಗುತ್ತಿರಬಹುದು. ನಗಲಿ. ನಿಮ್ಮ ಮುಖ ನೋಡಿಕೊಂಡು ಇದನ್ನು ಹೇಳಲು ನನಗೆ ಬಾಯೇ ಬರುತ್ತಿಲ್ಲ.

ಮೊದಲ ಸಲ ಕಾಫಿ ಕಣದಲ್ಲಿ ಲಕ್ವ ಹೊಡೆದು ಬಿದ್ದಾಗ ನಿಮ್ಮ ಬಲಗೈ, ಬಲಗಾಲು ಹೋದವು. ಮಾತು ಮಾತ್ರ ಉಳಿಯಿತು. ಆಗಲೂ ಇದೇ ಆಸ್ಪತ್ರೆಯಲ್ಲಿದ್ದು ಹೆಗ್ಗದ್ದೆಯ ಎಸ್ಟೇಟಿಗೆ ವಾಪಸು ಬಂದ ದಿನದಿಂದ ಮಲಗಿದಲ್ಲಿಂದಲೇ ಲೈನ್ ಮನೆಯ ಕೂಲಿಯವರನ್ನೆಲ್ಲ ಗದರುತ್ತಿದ್ದಿರಿ. ಆಳುಗಳ ಲೆಕ್ಕ ನೋಡುವ ಎಸ್ಟೇಟ್ ರೈಟರ್ ಅಂದರೆ ಹಾಗೇ ಇರಬೇಕೇನೋ.

ಎರಡು ತಿಂಗಳಾದರೂ ಬೆರಳು ಮಡಚಲಿಲ್ಲ. ಇಲ್ಲಿಯ ಡಾಕ್ಟರನ್ನು ಕೇಳಿಯೇ ಸಕಲೇಶಪುರದ ರುಬೀನಾ ಡಾಕ್ಟರ ಹತ್ತಿರ ಆಕ್ಯುಪಂಕ್ಚರ್ ಶುರು ಮಾಡಿಸಿದೆವು. ಅವರು ಮೊದಲ ದಿನವೇ ಹೇಳಿದ್ದರು: "ಸೂಜಿಯಿಂದ ಎಷ್ಟು ಗುಣ ಆಗುತ್ತೆ ಅಂತ ಈಗ್ಲೇ ಹೇಳಕ್ಕಾಗಲ್ಲ ಸುಮಿತ್ರಮ್ಮ. ಹಾಸನದ ಮಾತ್ರೆ, ವ್ಯಾಯಾಮ ಯಾವ್ದೂ ಬಿಡ್ಬೇಡಿ. ಇದು ಅದ್ರ ಜೊತೆಗೆ ಅಷ್ಟೇ." ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಮೂರನೇ ಸಲ ಸೂಜಿ ತೆಗೆದಾಗ ನಿಮ್ಮ ಮೊಣಕೈ ಬಳಿ ಒಂದು ಹನಿ ರಕ್ತ ಬಂತು. ರಕ್ತ ತೆಳುವಾಗಿಸುವ ಮಾತ್ರೆಯಿಂದ ಹೀಗಾಗುವುದುಂಟು, ಹೆದರಬೇಡಿ ಎಂದರು. ನಾನು ಹೆದರಿದೆ. ಆಗ ನೆನಪಾದದ್ದು ನಿಮ್ಮದೇ ಮಾತು. ಮೂವತ್ತು ವರ್ಷ ಕೇಳಿದ್ದೇನಲ್ಲ! ಬೋರ್ಡೋ ದ್ರಾವಣ ಹೊಡೆದ ಕಾಫಿ ಗಿಡಕ್ಕೆ ಯಾರಾದರೂ ಇನ್ನೊಂದು ಔಷಧಿ ಹಿಡಿದು ಹೊರಟರೆ ಸ್ಟೋರ್ ಬಾಗಿಲಿಂದಲೇ ಕೂಗುತ್ತಿದ್ದಿರಿ: "ಎರಡು ಮದ್ದು ಒಟ್ಟಿಗೆ ಹೊಡುದ್ರೆ ಗಿಡ ಸುಟ್ಟೋಯ್ತದೆ ಕಣ್ರೋ! ಒಂದು ಹಿಡೀಲಿ, ಆಮೇಲೆ ಇನ್ನೊಂದು."

ಮೊದಲು ಸೂಜಿ ಹಿಡಿಯಲಿ ಎಂದು ಹಾಸನದ ಮಾತ್ರೆ ನಿಲ್ಲಿಸಿಬಿಟ್ಟೆ. ನಿಮಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಬರೀ ವಿಟಮಿನ್ ಗುಳಿಗೆ ಕೊಟ್ಟು ನೀರು ಕುಡಿಸಿದೆ. ಹನ್ನೊಂದು ದಿನ. ಅದರ ನಡುವೆ ಒಮ್ಮೆ ನಿಮ್ಮ ಹೆಬ್ಬೆರಳು ಅಲುಗಿತು. ನನ್ನ ಬುದ್ಧಿಗೆ ನಾನೇ ಶಭಾಷ್ ಅಂದುಕೊಂಡೆ, ನೋಡಿ.

ಹನ್ನೆರಡನೇ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದರೆ ನಿಮ್ಮ ಬಾಯಿ ಸೊಟ್ಟಗಾಗಿತ್ತು. "ಸು... ಸು..." ಎಂದಿರಿ. ಐದು ದಿನವಾಯಿತು, ಈಗ ಅದೂ ಇಲ್ಲ.

ಇಲ್ಲಿಗೆ ತಂದ ಕೂಡಲೇ ಡಾಕ್ಟರ್ ಕೇಳಿದರು, "ಮಾತ್ರೆ ತಪ್ಪಿಸಿಲ್ಲ ತಾನೆ?" ಇಲ್ಲ ಸಾರ್ ಎಂದೆ. ಮಾತ್ರೆ ತೆಗೆದುಕೊಂಡೂ ಹೀಗಾಯಿತಲ್ಲ ಎಂದು ಅವರು ಈಗ ಔಷಧಿಯನ್ನೇ ಬದಲಾಯಿಸಲು ಹೊರಟಿದ್ದಾರೆ. ನನ್ನ ಸುಳ್ಳಿನ ಮೇಲೆ ನಿಮ್ಮ ಚಿಕಿತ್ಸೆ ನಡೆಯುತ್ತಿದೆ. ಇಲ್ಲೇ ನನ್ನ ಪಕ್ಕ ನಿಂತು ಮಂಜುಶ್ರೀ ಫೋನ್ ಮಾಡಿ, ನಿಮ್ಮ ಸೂಜಿಯಿಂದಲೇ ನಮ್ಮಪ್ಪನಿಗೆ ಹೀಗಾಗಿದ್ದು ಎಂದು ರುಬೀನಾ ಡಾಕ್ಟರನ್ನು ಬಾಯಿಗೆ ಬಂದಂತೆ ಬಯ್ದಳು. "ನಾನೇನು ತಪ್ಪು ಮಾಡ್ದೆ ಹೇಳಮ್ಮ" ಎಂದು ಆ ಹೆಣ್ಣುಮಗಳು ಅತ್ತದ್ದು ನನಗೂ ಕೇಳಿಸಿತು. ಆಗಲೂ ನಿಜ ಹೇಳದೆ ನಿಮ್ಮ ಹೊದಿಕೆ ಸರಿಮಾಡುತ್ತಾ ಕುಳಿತೆ.

ಹತ್ತು ಗಂಟೆಗೆ ಡಾಕ್ಟರ್ ರೌಂಡ್ಸಿಗೆ ಬರುತ್ತಾರೆ. ಹೇಳಿಬಿಡುತ್ತೇನೆ. ಮಗಳು ಜನ್ಮದಲ್ಲಿ ನನ್ನ ಮುಖ ನೋಡದಿದ್ದರೂ ಸರಿ, ಅವಳ ಮುಂದೆಯೇ, ನಿಮ್ಮ ಮುಂದೆಯೇ ಹೇಳುತ್ತೇನೆ. ನೀವು ಕಣ್ಣು ಬಿಟ್ಟುಕೊಂಡಿರಿ.

ನಿಮಗೆ ಎಷ್ಟು ಮಾತು ಮರಳಿ ಬರುತ್ತದೋ ಯಾರೂ ಹೇಳುತ್ತಿಲ್ಲ. ನಾಲ್ಕೇ ಮಾತು ಬಂದರೂ ಸಾಕು. ನಾಲ್ಕನ್ನೂ ನನ್ನನ್ನು ಬಯ್ಯುವುದಕ್ಕೇ ಇಟ್ಟುಕೊಳ್ಳಿ.

ದೇವರು ನನ್ನ ಆಯಸ್ಸನ್ನೂ ನಿಮಗೇ ಕೊಡಲಿ.

ಬಯ್ಯಿಸಿಕೊಳ್ಳಲು ಕಾದು ಕುಳಿತಿರುವ,
ಸುಮಿತ್ರ