ಏರಿನಲ್ಲಿ ನಿಂತ ಗಾಡಿ

ಜನವರಿ ೧೮, ಭಾನುವಾರ

ಆ ಬ್ಯಾಟರಿ ಗಾಡಿ ಇವತ್ತೂ ಆಮೆಯಂತೆ ತೆವಳಿತು. ನಮ್ಮ ವಸತಿಗೃಹದ ಅತಿಥಿಗಳನ್ನು ಗೇಟಿನಿಂದ ಗುಡ್ಡದ ಮೇಲಿನ ಕೋಣೆಗಳಿಗೆ ಒಯ್ಯಲೆಂದೇ ಕೊಂಡದ್ದು. ನಿಂತಾಗ ಅಳೆದರೆ ಎಲ್ಲ ಬ್ಯಾಟರಿಗಳೂ ಸರಿಯಾಗಿಯೇ ಕಾಣುತ್ತವೆ, ಏರು ಹತ್ತುವಾಗ ಮೀಟರ್ ಹಿಡಿದರೆ ಮಾತ್ರ ಸೋತದ್ದು ಸಿಕ್ಕಿಬೀಳುತ್ತದೆ ಎಂದು ಅಳಿಯನಿಗೆ ಹೇಳಿದ್ದೆ. ಅವನು ಶೆಡ್ಡಿನ ನೆರಳಲ್ಲೇ ಅಳೆದು, "ಎಲ್ಲಾ ಫಸ್ಟ್ ಕ್ಲಾಸ್ ಇದೆ ಅತ್ತೆ, ಮೋಟರೇ ಹೋಗಿರ್ಬೇಕು" ಎಂದ. ಮೂರನೆಯ ಬ್ಯಾಟರಿ ಸತ್ತಿರುವುದನ್ನು ನಾನಾಗಲೇ ಏರಿನಲ್ಲಿ ಅಳೆದು ನೋಡಿದ್ದೆ; ಅವನಿಗೆ ಹೇಳಲಿಲ್ಲ.

ಇವತ್ತು ಅವನ ತಂದೆ ಬಂದರು. ವಸತಿಗೃಹದ ಆಡಳಿತವನ್ನು ಮಗನಿಗೆ ಬಿಟ್ಟುಕೊಡಿ ಎಂದು ಕೇಳಲು ಬಂದದ್ದು. "ಮೇಲೆ ಹೋಗಿ ಮಾತಾಡೋಣ ಬನ್ನಿ ಬೀಗರೇ" ಎಂದು ಅದೇ ಗಾಡಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ನಾನೇ ಓಡಿಸಿದೆ. ಅಳಿಯ ಹಿಂದಿನ ಸೀಟಿನಲ್ಲಿ. ನಾನೆಣಿಸಿದ ತಿರುವಿನಲ್ಲೇ ಗಾಡಿ ನಿಂತಿತು.

"ಇಳಿದು ತಳ್ಳಪ್ಪಾ. ಎಲ್ಲಾ ಫಸ್ಟ್ ಕ್ಲಾಸ್ ಅಲ್ವಾ?"

ಕೆಲಸದವರೆಲ್ಲ ನೋಡುತ್ತಿದ್ದರು. ಅವನು ತಳ್ಳಿದ. ಬೀಗರು ಇಳಿಯಹೋದರು.

"ನೀವು ಕೂತ್ಕೊಳ್ಳಿ. ಆಡಳಿತ ಮಾಡೋರು ತಳ್ಳಲಿ."

ಅವರು ನನ್ನ ಮುಖವನ್ನೂ ನೋಡದೆ ಇಳಿದು, ಚಪ್ಪಲಿ ಬಿಟ್ಟು, ಮಗನ ಪಕ್ಕದಲ್ಲಿ ಹೆಗಲು ಕೊಟ್ಟರು. ಆಡಳಿತದ ಮಾತು ಮತ್ತೆ ಬರಲಿಲ್ಲ. ಊಟವನ್ನೂ ಮಾಡದೆ ಹೊರಟುಹೋದರು. ಹೋಗಲಿ.

ಮಗಳು ಈಗ ಹಾಲು ಕೊಡಲು ಬಂದವಳು ಬಾಗಿಲಲ್ಲೇ ನಿಂತು ಕೇಳಿದಳು: "ಅವ್ರಿಬ್ರೂ ತಳ್ತಿರುವಾಗ ನೀನೂ ಇಳೀಬಹುದಿತ್ತಲ್ಲಮ್ಮ?"

ಇಳಿಯಬಹುದಿತ್ತು. ಗಾಡಿಯೂ ಹಗುರಾಗುತ್ತಿತ್ತು. ಆದರೆ ಸ್ಟಿಯರಿಂಗ್ ಬಿಟ್ಟು ನಾನು ಯಾವತ್ತು ಇಳಿದಿದ್ದೇನೆ?