ಮಿ ಪುಟದ ಕೊನೆಯ ಹಾಡು

ಮಿಸಾಕಿ,
ಹೇಸೇಯಿ ಎಂಟನೆಯ ವರ್ಷ (೧೯೯೬), ಜೂನ್ ೧೬

ಪ್ರೀತಿಯ ಶೂಸಾಕು ಅಣ್ಣನಿಗೆ,

ಹೇಗಿದ್ದೀ? ಅಲ್ಲೀಗ ಚಳಿಗಾಲ ಎಂದು ಅಮ್ಮ ದಿನಕ್ಕೆರಡು ಸಲ ಹೇಳುತ್ತಾಳೆ, ಕೇಪ್ ಟೌನಿನ ಸಮುದ್ರ ಅವಳ ಹಿತ್ತಲಲ್ಲೇ ಇದೆಯೇನೋ ಎಂಬಂತೆ. ಕಾಗದ ತಡವಾಯಿತು, ಬೈಯಬೇಡ. ನಾಲ್ಕು ಸಲ ಬರೆದು ಹರಿದೆ. ನಾಲ್ಕು ಸಲವೂ ಮೊದಲ ಪುಟ ಮುಗಿಯುವಷ್ಟರಲ್ಲಿ ಪೆನ್ನಿನ ಮೊನೆ ಕಾಗದವನ್ನು ತೂತು ಮಾಡಿತ್ತು. ಇದನ್ನು ಹರಿಯುವುದಿಲ್ಲ. ನಿಮ್ಮ ಹಡಗು ಬಂದರಿಗೆ ಬರುವ ಹೊತ್ತಿಗೆ ಏಜೆಂಟರ ಕಚೇರಿಯಲ್ಲಿ ಇದು ನಿನಗಾಗಿ ಕಾದಿರಬೇಕು.

ಅಪ್ಪನ ನಲವತ್ತೊಂಬತ್ತನೆಯ ದಿನದ ಕಾರ್ಯ ಜೂನ್ ಏಳಕ್ಕೆ ಆಯಿತು. ಅಸ್ಥಿಯನ್ನು ಅಜ್ಜನ ಪಕ್ಕದಲ್ಲೇ ಇಟ್ಟೆವು. ಸಾವಿನ ಸುದ್ದಿ ರೇಡಿಯೋದಲ್ಲಿ ನಿನಗೆ ಮುಟ್ಟಿದಾಗ ನಿಮ್ಮ ಗಾಳದ ಹಗ್ಗಗಳೆಲ್ಲ ನೀರಿನಲ್ಲಿದ್ದವಂತೆ. ಒಬ್ಬನ ಅಪ್ಪ ಸತ್ತನೆಂದು ಟ್ಯೂನಾ ಹಡಗು ತಿರುಗುವುದಿಲ್ಲ, ಗೊತ್ತು. ಗೊತ್ತಿದ್ದೂ ನಿನ್ನ ಮೇಲೆ ಸಿಟ್ಟಾಗಿದ್ದೇನೆ. ನೀನಿದ್ದಿದ್ದರೆ ಹೀಗಾಗುತ್ತಿರಲಿಲ್ಲ.

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಕ್ರಮ ಬಿಟ್ಟರೆ ಕಾಗದದ ಮೇಲೇ ಕೂಗಾಡಿಬಿಡುತ್ತೇನೆ.

ಗುಡಿಯಿಂದ ನೇರವಾಗಿ ತೊಮೆ ಅಕ್ಕನ ಕರಾಓಕೆ ಬಾರು ‘ಹಮಾಯು’ವಿಗೆ ಹೋದೆವು. ಮಧ್ಯಾಹ್ನ ಅಲ್ಲಿ ಅಪ್ಪನ ಹಾಡು ಹಂಚುವುದಿತ್ತು. ಬೇರೆ ಊರಿನಲ್ಲಿ ಸತ್ತವರ ಗಡಿಯಾರ, ಕಿಮೋನೊ ಹಂಚುತ್ತಾರೆ. ಹಮಾಯುವಿನವರಿಗೆ ಅಷ್ಟು ಸಾಲದು. ಅಲ್ಲಿ ಯಾರ ಹಾಡು ಅವರದು. ಹಾಡಿನ ಪುಸ್ತಕದಲ್ಲಿ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ತನ್ನ ಅಕ್ಷರ ಬರೆದವನು ಬದುಕಿರುವ ತನಕ ಬೇರೆಯವರು ಅದನ್ನು ಹಾಡುವಂತಿಲ್ಲ. ಸತ್ತರೆ, ನಲವತ್ತೊಂಬತ್ತನೆಯ ದಿನ ಮನೆಯವರು ಹೇಳಿದವರಿಗೆ ಹೋಗುತ್ತದೆ. ಪಡೆದವರು ಅಂದೇ, ಅಲ್ಲೇ, ಫೋಟೋದ ಮುಂದೆ ಒಂದು ಸಲ ಹಾಡಬೇಕು. ಹಾಡದಿದ್ದರೆ ಅದು ಯಾರದೂ ಅಲ್ಲ, ಮೊದಲು ಹಾಡಿದವರದು.

ಅಪ್ಪನದು ಮಿ ಪುಟ, ಮಿ ಎಂದು ಶುರುವಾಗುವ ಹಾಡುಗಳದು. ಇಷ್ಟು ದಪ್ಪದ ಪುಸ್ತಕದಲ್ಲಿ ಆತ ತೆರೆದದ್ದು ಅದೊಂದೇ ಪುಟ. “ನಮ್ಮೂರು ಮಿಸಾಕಿ, ಅದೂ ಮಿ. ಬಂದರಿಗೆ ಮಿನಾತೊ ಅಂತೀವಿ, ಅದೂ ಮಿ. ನೀರಿಗೂ ದಾರಿಗೂ ಮಿ. ಇನ್ನು ಬೇರೆ ಪುಟ ಯಾಕಯ್ಯ ನಂಗೆ?” ಎನ್ನುತ್ತಿದ್ದನಂತೆ. ಮಿನಾತೊ ಎಂದು ಶುರುವಾಗುವವೇ ಒಂಬತ್ತು: ಒಂದರಲ್ಲಿ ಬಂದರು ಅಳುತ್ತದೆ, ಒಂದರಲ್ಲಿ ಕುಡಿಯುತ್ತದೆ, ಒಂದರಲ್ಲಿ ಹೆಂಗಸನ್ನು ಕಾಯಿಸುತ್ತದೆ. ದಾರಿಯವು ಮೂರು, ಮೂರನೆಯ ದಿನದ ಚಂದ್ರನವು ಎರಡು, ಇನ್ನೂ ಏನೇನೋ. ಒಟ್ಟು ಇಪ್ಪತ್ಮೂರು. ಎಲ್ಲದರ ಪಕ್ಕದಲ್ಲೂ ಅಪ್ಪನ ಅಕ್ಷರ, ಯಾಸೋಜಿಯ ‘ಯಾ’. “ಸಾಹಿತ್ಯ ಓದಿದವಳಲ್ವಾ, ಪಟ್ಟಿ ನೀನೇ ಬರಿ” ಎಂದಳು ಅಮ್ಮ. ನಾಲ್ಕು ವರ್ಷದ ಪದವಿಗೆ ಈ ಊರಿನಲ್ಲಿ ಸಿಕ್ಕ ಮೊದಲ ಕೆಲಸ ಅದು.

ಅಮ್ಮ ಹೇಳಿದ ಹಾಗೆ ಹಂಚಿದೆ. ‘ಮಂಜಿನ ಬಂದರು’ ಹಾಡು ನಿನಗೆ. ತೊಮೆ ಅಕ್ಕ ಅದರ ಪಕ್ಕ ನಿನ್ನ ಅಕ್ಷರ ಬರೆದಿದ್ದಾಳೆ. ಹಡಗಿನಲ್ಲಿರುವವರಿಗೆ ಗಡುವಿಲ್ಲವಂತೆ. ಕೊನೆಯದು ಉಳಿಯಿತು: ‘ಮಿಯೊ ನೊ ಹತೆ’. ದೋಣಿ ಹಿಂದೆ ಬಿಟ್ಟುಹೋಗುವ ನೀರಗೆರೆ ಎಲ್ಲಿ ಮುಗಿಯುತ್ತದೋ ಆ ಜಾಗ. ರೇಡಿಯೋದಲ್ಲಿ ಬಾರದ, ಅಂಗಡಿಯಲ್ಲಿ ಸಿಗದ ಹಾಡು. ಹತ್ತು ವರ್ಷದ ಹಿಂದೆ ಯಂತ್ರಕ್ಕೆ ಹೊಸ ಡಿಸ್ಕ್ ಬಂದಾಗ ತೊಮೆ ಅಕ್ಕ ಪುಟದ ಬುಡದಲ್ಲಿ ಚೀಟಿ ಅಂಟಿಸಿ ಸೇರಿಸಿದ್ದು. ನಿನ್ನ ಹಡಗು ಹೊರಟ ದಿನಗಳಲ್ಲಿ ಅಪ್ಪ ಇದನ್ನೇ ಹಾಡುತ್ತಿದ್ದನಂತೆ. ಆಗ ಹಮಾಯುವಿನಲ್ಲಿ ಯಾರೂ ಲೋಟ ಎತ್ತುತ್ತಿರಲಿಲ್ಲವಂತೆ. “ಇದು ಚಿಗುಸಗೆ” ಎಂದು ಅಮ್ಮ ಬರೆಸಿದಳು. ನನ್ನ ಕೈಯಲ್ಲೇ ನನ್ನ ಹೆಸರು.

ನಿನ್ನದನ್ನು ಬಿಟ್ಟು ಇಪ್ಪತ್ತೊಂದು ಹಾಡಿ ಮುಗಿದವು. ತೊಮೆ ಅಕ್ಕ ಕೊನೆಯದರ ಸಂಖ್ಯೆ ಒತ್ತಿ ಮೈಕು ಕೊಟ್ಟಳು. ನಾನು ತಲೆಯಾಡಿಸಿದೆ.

“ಚಿಗುಸ, ಎರಡು ಸಾಲು ಹಾಡಮ್ಮ, ಸಾಕು,” ಎಂದಳು.

ಮತ್ತೆ ತಲೆಯಾಡಿಸಿದೆ. ಅಪ್ಪನ ಜೊತೆ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಮೀನು ತೂಗಿದ ಕುವಾಬಾರಾ ಮಾವ, ಮುಖವೆಲ್ಲ ಕೆಂಪಾಗಿ, ಮೂಲೆಯಿಂದ ಕೂಗಿದ: “ಟೋಕಿಯೋದಲ್ಲಿ ಓದಿದ್ದೆಲ್ಲ ಹೊಟ್ಟೆ ಒಳಗೇ ಇಟ್ಕೊಂಡಿದೀಯಾ? ಅಪ್ಪ ತೂಕ ಕೂಗಿದ್ರೆ ಆಚೆ ದಡದ ಬೆಕ್ಕು ಎದ್ದು ಕೂರ್ತಿತ್ತು. ಮಗಳು ನೋಡು, ಬಸವನ ಹುಳು!”

ಎಲ್ಲರೂ ನಕ್ಕರು. ನಗುವಿನ ಮಧ್ಯೆ ಅಮ್ಮ, “ಅವಳಿಗೆ ಸಂಕೋಚ, ಬಿಡಿ. ಮೊದಲಿಂದಲೂ ಹಾಗೇ,” ಎಂದಳು. ನನ್ನ ಕಡೆಯ ಮಾತು ಎಂದೇ ಆಡಿದ್ದು, ಆದರೂ ಅವಳ ಮೇಲೂ ಸಿಟ್ಟು ಬಂತು.

ಮೂರನೆಯ ಸಲ ಕೊಟ್ಟಾಗ ಮೈಕು ತೆಗೆದುಕೊಂಡೆ. ಎದ್ದು ನಿಂತೆ. ಪೀಠಿಕೆ ಮುಗಿದು ಪರದೆಯ ಮೇಲೆ ಪದಗಳು ಬಂದವು. ಬಿಳಿ ಅಕ್ಷರಗಳು ಒಂದೊಂದಾಗಿ ನೀಲಿಯಾಗುತ್ತ ಹೋದವು, ಹಾಡುವವರಿಲ್ಲದೆ. ಮೊದಲ ಸಾಲು ಹೋಯಿತು, ಎರಡನೆಯದೂ ಹೋಯಿತು. ಹದಿನೆಂಟು ಜನ ನನ್ನ ಬಾಯಿ ನೋಡುತ್ತಿದ್ದರು. ಮೂರನೆಯ ಸಾಲಿಗೆ ಕುವಾಬಾರಾ ಮಾವ ಬಂದು ನನ್ನ ಬೆರಳು ಬಿಡಿಸಿ ಮೈಕು ಕಿತ್ತುಕೊಂಡ.

ಹಾಡಿದ, ಅಣ್ಣ. ಕಣ್ಣು ಮುಚ್ಚಿಕೊಂಡು, ಪರದೆ ನೋಡದೆ, ಒಂದು ಪದ ತಪ್ಪದೆ. ಹಾಗಾದರೆ ಎಷ್ಟು ವರ್ಷದಿಂದ ಈ ಹಾಡಿಗೆ ಬಾಯಿ ಬಿಟ್ಟುಕೊಂಡು ಕೂತಿದ್ದ? ಮುಗಿಸಿ, ಜೇಬಿನಿಂದ ರಬ್ಬರು ತೆಗೆದು ‘ಯಾ’ ಅಳಿಸಿ ‘ಕು’ ಎಂದು ಬರೆದ. ಸ್ನೇಹಿತನ ಕಾರ್ಯಕ್ಕೆ ಯಾರಾದರೂ ಜೇಬಿನಲ್ಲಿ ರಬ್ಬರು ಇಟ್ಟುಕೊಂಡು ಬರುತ್ತಾರೆಯೇ? ಅಳಿಸಿದ ಪುಡಿಯನ್ನು ಊದಿದ. ಅದು ಅಪ್ಪನ ಫೋಟೋದ ಮುಂದಿಟ್ಟಿದ್ದ ಸಾಕೆ ಮದ್ಯದ ಬಟ್ಟಲೊಳಗೆ ಬಿತ್ತು. ಅಮ್ಮ ಆ ಬಟ್ಟಲನ್ನು ನೋಡಲಿಲ್ಲ. ನಾನು ನೋಡಿದೆ.

ಮಾರನೆಯ ದಿನ ತೊಮೆ ಅಕ್ಕನ ಹತ್ತಿರ ಹೋದೆ. ಅವಳು ಲೋಟ ಒರೆಸುತ್ತಿದ್ದಳು. ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದ ವಾಕ್ಯವನ್ನು ಹೇಳಿದೆ: “ಆ ಅಕ್ಷರ ಅಳಿಸಿ. ಅದು ನಮ್ಮ ಮನೆಯದು.”

“ಮನೆಯದೇ ಆಗಿತ್ತು. ಕೈಗೇ ಕೊಟ್ನಲ್ಲಮ್ಮ,” ಎಂದಳು. “ನಿನಗೊಂದು ನ್ಯಾಯ, ಬೇರೆಯವರಿಗೊಂದು ನ್ಯಾಯ ಅಂತ ಮಾಡಿದ್ರೆ ನಾಳೆ ಈ ಪುಸ್ತಕಕ್ಕೆ ಯಾರು ಬೆಲೆ ಕೊಡ್ತಾರೆ?”

ಅಲ್ಲಿಂದ ಮಾರುಕಟ್ಟೆಗೆ ಹೋದೆ. ಕುವಾಬಾರಾ ಮಾವ ರಬ್ಬರು ಬೂಟು ತೊಳೆಯುತ್ತಿದ್ದ. ನನ್ನನ್ನು ಕಂಡು ನಲ್ಲಿ ನಿಲ್ಲಿಸಿದ. ನಾನು ಬಾಯಿ ತೆರೆಯುವ ಮೊದಲೇ, “ಬೈಯೋಕೆ ಬಂದ್ಯಾ? ಬೈಯಿ,” ಎಂದ. ನಾನು ಅವನ ಒದ್ದೆ ಬೂಟು ನೋಡಿದೆ. “ಬೈಯೋಕೂ ಬರಲ್ವಾ? ಕೇಳು ಮಗಳೇ. ಮೂರು ಸಲ ಕರೆದ್ರು, ನೀನು ಹಾಡ್ಲಿಲ್ಲ. ನಾನೂ ಸುಮ್ಮನಿದ್ದಿದ್ರೆ ಯಾಸೋಜಿ ಹಾಡು ಅವತ್ತು ಯಾರೂ ಹಾಡದೆ ಮುಗಿದು ಹೋಗ್ತಿತ್ತು. ಅದನ್ನ ನೋಡ್ತಾ ಕೂರೋಕೆ ನನ್ನ ಕೈಲಾಗ್ಲಿಲ್ಲ. ನಿಂಗೆ ಬೇಕಾ? ಯಾವತ್ತಾದ್ರೂ ಶನಿವಾರ ಬಾ. ನಂಗೊಬ್ಬನಿಗೇ ಹಾಡು, ಬೇರೆಯವರನ್ನ ಆಚೆ ಕಳಿಸ್ತೀನಿ. ಒಂದು ಸಲ ಹಾಡಿದ್ರೆ ಸಾಕು, ನನ್ನ ಅಕ್ಷರ ನಾನೇ ಅಳಿಸ್ತೀನಿ.”

ಬೈಯಲು ಹೋದವಳ ಕೈಗೆ ಉಡುಗೊರೆ ಕೊಟ್ಟು ಕಳಿಸಿದ. ಆ ದೊಡ್ಡತನವನ್ನು ಅವನ ಬೂಟಿನ ಮೇಲೇ ಉಗಿಯಬೇಕೆನಿಸಿತು. ತಲೆಬಾಗಿ ನಮಸ್ಕರಿಸಿ ಬಂದೆ. ನಿನ್ನೆ ಮೊದಲ ಶನಿವಾರ. ಹೋಗಲಿಲ್ಲ.

ಅಮ್ಮ ಚೆನ್ನಾಗಿದ್ದಾಳೆ. ಊಟ ಮಾಡುತ್ತಾಳೆ. ಈಗಲೂ ಅಕ್ಕಿಯನ್ನು ಮೂವರಿಗೆ ತೊಳೆದು, ಆಮೇಲೆ ಒಂದು ಹಿಡಿ ತೆಗೆದಿಡುತ್ತಾಳೆ. ಕಾಗದದ ಜೊತೆ ಕಡಲ ಗುಡಿಯ ತಾಯಿತ ಇಟ್ಟಿದ್ದಾಳೆ, ಹಳೆಯದನ್ನು ತೆಗೆದು ಇದನ್ನು ಕಟ್ಟಿಕೋ. ಮೈ ಒದ್ದೆ ಇಟ್ಟುಕೊಂಡು ಮಲಗಬೇಡ ಎಂದಿದ್ದಾಳೆ. ಗಾಳಿ ನಿನ್ನ ಬೆನ್ನ ಹಿಂದಿರಲಿ. ನಿನ್ನ ಹತ್ತು ಬೆರಳೂ ಇದ್ದ ಹಾಗೇ ಮನೆಗೆ ಬರಲಿ.

ನಿನ್ನ ತಂಗಿ,
ಚಿಗುಸ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಅವತ್ತು ನಾನು ನಾಚಿ ಸುಮ್ಮನಿದ್ದೆ ಎಂದು ಎಲ್ಲರೂ ನಂಬಿದ್ದಾರೆ, ಅಮ್ಮನೂ. ನಾಚಿಕೆಯಲ್ಲ. ನನಗೆ ಆ ಹಾಡು ಬರುವುದಿಲ್ಲ, ಅಣ್ಣ. ನಾನದನ್ನು ಕೇಳಿಯೇ ಇರಲಿಲ್ಲ. ನನಗೆ ಹದಿನಾಲ್ಕಾಗಿದ್ದಾಗ, ನೀನು ಮೊದಲ ಸಲ ಹಡಗು ಹತ್ತಿದ ವರ್ಷ, ಶಾಲೆಯ ಗೆಳತಿಯರು ಮನೆಗೆ ಬಂದಿದ್ದರು. ಅಪ್ಪ ಬಚ್ಚಲಲ್ಲಿ ಮಿನಾತೊ ಹಾಡುತ್ತಿದ್ದ, ಅವರು ಬಾಯಿಗೆ ಕೈ ಇಟ್ಟುಕೊಂಡು ನಗುತ್ತಿದ್ದರು. ಅವರು ಹೋದ ಮೇಲೆ, “ನೀನು ಹಾಡಿದ್ರೆ ನಂಗೆ ಅಸಹ್ಯ ಆಗುತ್ತೆ. ನಾನಿರೋ ಕಡೆ ಇನ್ನು ಹಾಡಬೇಡ,” ಎಂದೆ. “ಹೌದಾ?” ಎಂದ ಅಪ್ಪ, ಅಷ್ಟೇ. ಹತ್ತು ವರ್ಷ ಆ ಮಾತು ನಡೆಸಿದ. ಊಟಕ್ಕೆ ಕರೆಯಲು ಹಮಾಯುವಿನ ಬಾಗಿಲು ಸರಿಸಿದರೆ, ನನ್ನ ಮುಖ ಕಂಡ ಕೂಡಲೇ, ಹಾಡಿನ ಮಧ್ಯದಲ್ಲೇ ಮೈಕು ಕೆಳಗಿಡುತ್ತಿದ್ದ. ಆಸ್ಪತ್ರೆಯಲ್ಲೂ ಒಂದು ಸಲ ಏನೋ ಗುನುಗುತ್ತಿದ್ದವನು ನಾನು ಒಳಗೆ ಹೋದಾಗ ನಿಲ್ಲಿಸಿದ. ಹಾಡು ಎಂದು ನಾನೂ ಹೇಳಲಿಲ್ಲ. ಈಗ ಆ ಹಾಡನ್ನು ಅಪ್ಪ ಹೇಗೆ ಹಾಡಿರಬಹುದೆಂದು ಕಣ್ಣು ಮುಚ್ಚಿ ಕೂರುತ್ತೇನೆ. ಬರುವುದು ಕುವಾಬಾರಾ ಮಾವನ ಗಂಟಲು.